ಮಾಲೀಕನ ವಕೀಲ

ಸೋಮವಾರ, ಬುಧವಾರ, ಶುಕ್ರವಾರ, ವಾರಕ್ಕೆ ಮೂರು ದಿನ ಬೆಳಿಗ್ಗೆ ಆರೂವರೆಗೆ ಕ್ಯಾಜ್ ಡಾಂಬೆಕ್ ತನ್ನ ಹಳೆಯ ಕಾರನ್ನು ವರ್ನನ್ ಟಟ್ಲ್‌ನ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಒತ್ತದೆ ಕಾಯುತ್ತಿದ್ದ. ವರ್ನ್‌ಗೆ ಬಲಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಪಾದವನ್ನು ತಿಂದಿತ್ತು, ಆಮೇಲೆ ಕಾಲನ್ನು, ಕೊನೆಗೆ ಎರಡೂ ಮೂತ್ರಪಿಂಡಗಳನ್ನು. ಕೃತಕ ಕಾಲು ಕಟ್ಟಿಕೊಂಡು ಅವನು ಮೂರು ಮೆಟ್ಟಿಲು ಇಳಿದು ಬರಬೇಕು. ಅವಸರಪಡಿಸಿದರೆ ಬೈಯುತ್ತಿದ್ದ, ಕೈ ಹಿಡಿಯಲು ಹೋದರೆ ಇನ್ನೂ ಜೋರಾಗಿ ಬೈಯುತ್ತಿದ್ದ.

ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. ಡಯಾಲಿಸಿಸ್ ಕೇಂದ್ರ ನದಿಯ ಮೇಲ್ದಂಡೆಯಲ್ಲಿ, ಹನ್ನೆರಡು ಮೈಲಿ ದೂರ. ಕ್ಯಾಜ್ ಗೆಳೆಯನನ್ನು ಬಿಟ್ಟು ಬರುತ್ತಿರಲಿಲ್ಲ, ನಾಲ್ಕು ತಾಸೂ ಅಲ್ಲೇ ಕೂರುತ್ತಿದ್ದ. ಇಂಥ ಗೆಳೆತನ ಈ ಕಾಲದಲ್ಲಿ ಎಲ್ಲಿದೆ ಎಂದು ನರ್ಸ್‌ಗಳು ಹೇಳುವಾಗ ಅವನು ನೆಲ ನೋಡುತ್ತಿದ್ದ.

ಇಬ್ಬರೂ ಒಹಾಯೊ ನದಿ ದಂಡೆಯ ಆ ಊರಿನ ಗಾಜಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿ ಇಪ್ಪತ್ತೊಂದು ವರ್ಷವಾಗಿತ್ತು. ಆ ಬಗ್ಗೆ ಅವರು ಮಾತಾಡುತ್ತಿದ್ದುದು ಕಡಿಮೆ, ಮಾತೆಲ್ಲ ಬೇಸ್‌ಬಾಲ್‌ನದು. ತಾಸು ದೂರದ ನಗರದ ತಂಡ ಅವರ ಅಪ್ಪಂದಿರ ಕಾಲದಿಂದಲೂ 'ನಮ್ಮ ತಂಡ'. ಅದು ಕಪ್ ಗೆದ್ದದ್ದು ಇಬ್ಬರಿಗೂ ಮೀಸೆ ಕಪ್ಪಗಿದ್ದಾಗ.

ಆ ವರ್ಷ ಜುಲೈ ಕೊನೆಯ ಬುಧವಾರ ಕೇಂದ್ರದಲ್ಲಿ ವಾದ ಕಾವೇರಿತ್ತು. ಬೇರೆ ತಂಡಗಳಿಂದ ಆಟಗಾರರನ್ನು ತರಲು ಅದೇ ಕೊನೆಯ ದಿನ. ನಮ್ಮ ತಂಡ ಮೊದಲನೆಯ ಸ್ಥಾನಕ್ಕೆ ನಾಲ್ಕು ಪಂದ್ಯ ಹಿಂದಿತ್ತು. ಚೆಂಡೆಸೆಯುವ ಪಿಚರ್‌ಗಳಲ್ಲಿ ಇಬ್ಬರ ಕೈ ಕೆಟ್ಟಿತ್ತು. ಪಶ್ಚಿಮದ ಒಂದು ತಂಡ ಒಳ್ಳೆಯ ಎಡಗೈ ಪಿಚರ್‌ನನ್ನು ಕೊಡಲು ಸಿದ್ಧವಿತ್ತು. ಆದರೆ ಆಟಗಾರರ ಒಟ್ಟು ಸಂಬಳಕ್ಕೆ ಹಾಕಿಕೊಂಡ ಮಿತಿಯನ್ನು ಈ ವರ್ಷ ದಾಟುವುದಿಲ್ಲ ಎಂದು ಮಾಲೀಕ ಹೇಳಿದ್ದು ಬೆಳಗಿನ ಪತ್ರಿಕೆಯಲ್ಲಿ ಬಂದಿತ್ತು.

"ಮಿತಿಯಂತೆ ಮಿತಿ," ವರ್ನ್ ಹೇಳಿದ. ಅವನ ಎಡತೋಳಿನಿಂದ ಎರಡು ಕೊಳವೆ ಯಂತ್ರಕ್ಕೆ ಹೋಗಿದ್ದವು. "ಅವನ ದೋಣಿಗೆ ಮಿತಿ ಇಲ್ಲ, ಫ್ಲಾರಿಡಾದಲ್ಲಿರೋ ಬಂಗ್ಲೆಗೆ ಮಿತಿ ಇಲ್ಲ. ಒಬ್ಬ ಪಿಚರ್ ತಗೊಂಡ್ ಬಾ ಅಂದ್ರೆ ಮಾತ್ರ ಮಿತಿ ನೆನಪಾಗತ್ತೆ."

ಪಕ್ಕದ ಕುರ್ಚಿಯಲ್ಲಿದ್ದವಳು ಒಡೆಸ್ಸಾ ಪ್ರೂಟ್. ಎಪ್ಪತ್ತೆಂಟರ ಮುದುಕಿ, ಶಾಲೆಯ ಅಡುಗೆಮನೆಯಿಂದ ನಿವೃತ್ತಳು. ಎಲ್ಲರೂ ಅವಳನ್ನು ಮಿಸ್ ಒಡೆಸ್ಸಾ ಎನ್ನುತ್ತಿದ್ದರು. ತಂಡದ ಟೋಪಿ ಇಲ್ಲದೆ ಅವಳು ಸೂಜಿ ಚುಚ್ಚಿಸಿಕೊಳ್ಳುತ್ತಿರಲಿಲ್ಲ.

"ಐದು ಜನ ಸರದಿ ಮೇಲೆ ಎಸೀಬೇಕು. ನಮ್ಮತ್ರ ಇರೋದು ಮೂರು ಜನ," ಅಂದಳು. "ಅದ್ರಲ್ಲೂ ಆ ಇಪ್ಪತ್ತೊಂದರ ಹುಡುಗನ್ನ ಎತ್ತಿನ ತರ ದುಡಿಸ್ತಿದಾರೆ, ಅಗ್ಗಕ್ಕೆ ಸಿಕ್ಕಿದಾನೆ ಅಂತ."

"ಚಿಕ್ಕ ಊರಿನ ತಂಡ ಮಿಸ್ ಒಡೆಸ್ಸಾ," ಎಂದ ಕ್ಯಾಜ್. "ನ್ಯೂಯಾರ್ಕಿನೋರ ತರ ಸುರಿಯಕ್ಕಾಗತ್ತಾ? ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕು."

"ನಾನು ಆಗ್ಲೇ ಒಂದು ಕಾಲು ಗಿಡ್ಡ ಮಾಡ್ಕೊಂಡಿದೀನಪ್ಪ," ಎಂದ ವರ್ನ್. "ಆದ್ರೂ ಹಾಸಿಗೆ ಸಾಲ್ತಿಲ್ಲ."

ಮಿಸ್ ಒಡೆಸ್ಸಾ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕ್ಯಾಜ್‌ನ ಕಡೆ ಬೆರಳು ತೋರಿಸಿದಳು. "ಇಪ್ಪತ್ತೊಂಬತ್ತು ವರ್ಷ ಬೇಯಿಸ್ದೋಳು ನಾನು. ನಾನೂರು ಮಕ್ಕಳಿಗೆ ಮುನ್ನೂರು ಜನಕ್ಕಾಗೋ ಸಾಮಾನು ಕಳಿಸಿ, ಸುಧಾರಿಸ್ಕೊಳ್ಳಿ ಅನ್ನೋರು. ನೀರು ಸೇರಿಸ್ತಿದ್ದೆ. ಸೂಪಿಗೆ ನೀರು ಸೇರಿಸ್ಬೋದು ಮಗಾ. ಪಿಚರ್‌ಗೆ ಏನು ಸೇರಿಸ್ತೀಯ?"

"ಅವನನ್ನ ಕೇಳ್ಬೇಡಿ," ಎಂದ ವರ್ನ್. "ಅವನು ಮಾಲೀಕನ ವಕೀಲ. ಯಾವ ಮಾಲೀಕ ಆದ್ರೂ ಸರಿ. ಫೀಸ್ ಎಷ್ಟು ಬರತ್ತೋ ನಿಂಗೆ?"

ಇದು ಹಳೆಯ ತಮಾಷೆ. ಕ್ಯಾಜ್ ಎಂದಿನಂತೆ ಭುಜ ಕುಣಿಸಿದ. ಆದರೆ ಮಿಸ್ ಒಡೆಸ್ಸಾ ಬಿಡಲಿಲ್ಲ. "ಕಾರ್ಖಾನೇಲಿ ಸಂಬಳ ಕಮ್ಮಿ ಮಾಡ್ಕೊಳ್ಳಿ ಅಂತ ನಿಮಗೆಲ್ಲ ಹೇಳ್ದೋನು ಇವ್ನೇ ಅಲ್ವಾ? ನನ್ನ ಭಾವ ಅಲ್ಲೇ ಇದ್ದ. ಸಾಯೋವರ್ಗೂ ಬೈತಿದ್ದ."

ವರ್ನ್‌ನ ಮುಖದಿಂದ ನಗು ಹೋಯಿತು. "ಅದು ಬೇರೆ ಮಾತು. ಕಂಪ್ನಿ ಎಲ್ಲರಿಗೂ ಟೋಪಿ ಹಾಕ್ತು, ಇವ್ನಿಗೂ ಹಾಕ್ತು. ನಮ್ಮ ಕೆಲಸ ಉಳ್ಸಕ್ಕೆ ಇವ್ನು ನಾಯಿ ತರ ಓಡಾಡಿದಾನೆ, ನಾನು ಕಣ್ಣಾರೆ ನೋಡಿದೀನಿ. ಇವ್ನ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರೆ ನಂಗಾಗಲ್ಲ."

ಕ್ಯಾಜ್ ಎದ್ದು ಕಾಫಿ ತರುವ ನೆಪದಲ್ಲಿ ಹೊರಗೆ ಹೋದ. ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಬಹಳ ಹೊತ್ತು ನಿಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇಪ್ಪತ್ತೊಂದು ವರ್ಷದಲ್ಲಿ ವರ್ನ್ ಹೀಗೆ ಬೇರೆಯವರ ಮುಂದೆ ಅವನ ಪರ ನಿಂತದ್ದು ಇದೇ ಮೊದಲು.

ನಡೆದದ್ದು ಇಷ್ಟು. ಆಗ ಕ್ಯಾಜ್ ಕಾರ್ಮಿಕ ಸಂಘದ ಸಮಿತಿಯಲ್ಲಿದ್ದ. ನೂರಕ್ಕೆ ಹದಿನೈದರಷ್ಟು ಸಂಬಳ ಬಿಟ್ಟುಕೊಟ್ಟರೆ ಕಾರ್ಖಾನೆ ನಡೆಸುತ್ತೇವೆ ಎಂದಿತ್ತು ಕಂಪನಿ. ಒಪ್ಪಬೇಕೋ ಬೇಡವೋ ಎಂದು ಕಾರ್ಮಿಕರು ಮತ ಹಾಕಬೇಕಿತ್ತು. ಗಾಜು ಕರಗಿಸುವ ಕುಲುಮೆ ಏಳೆಂಟು ವರ್ಷಕ್ಕೆ ಒಳಗಿನಿಂದ ಸವೆದು ಹೋಗುತ್ತದೆ. ಹೊಸ ಇಟ್ಟಿಗೆ ಕಟ್ಟಬೇಕು. ಆ ಇಟ್ಟಿಗೆಯನ್ನು ಒಂದು ವರ್ಷ ಮೊದಲೇ ಹೇಳಿ ತರಿಸಬೇಕು. ಮತದಾನಕ್ಕೆ ಹತ್ತು ದಿನ ಮುಂಚೆ ಕ್ಯಾಜ್ ಉಗ್ರಾಣದಲ್ಲಿ ಆ ವರ್ಷದ ಬೇಡಿಕೆ ಪಟ್ಟಿ ನೋಡಿದ. ಮುಂದಿನ ವರ್ಷ ಎರಡನೇ ಕುಲುಮೆಗೆ ಬೇಕಾಗುವ ಇಟ್ಟಿಗೆ ಅದರಲ್ಲಿ ಇರಲಿಲ್ಲ; ಅಂದರೆ ಮುಚ್ಚುವುದು ಖಚಿತ. ಮ್ಯಾನೇಜರ್‌ನ ಬಳಿ ಹೋಗಿ ಕೇಳಿದ. ಮ್ಯಾನೇಜರ್ ಬಾಗಿಲು ಹಾಕಿಕೊಂಡು, ಇದು ಹೊರಗೆ ಹೋದರೆ ಜನ ಬಿಟ್ಟು ಓಡುತ್ತಾರೆ, ಮುಂದಿನ ತಿಂಗಳೇ ಮುಚ್ಚಬೇಕಾಗುತ್ತದೆ ಎಂದ. ಸುಮ್ಮನಿದ್ದರೆ ಮೇಲಿನವರ ಮನಸ್ಸು ತಿರುಗಲೂಬಹುದು ಎಂದ. ಕ್ಯಾಜ್ ಅದನ್ನು ನಂಬಲಿಲ್ಲ. ಆದರೆ ಅವನ ಇಪ್ಪತ್ತೈದು ವರ್ಷದ ನೌಕರಿ ತುಂಬಲು, ಪೂರ್ತಿ ಪಿಂಚಣಿ ಸಿಗಲು ಇನ್ನು ಹನ್ನೊಂದು ತಿಂಗಳು ಬೇಕಿತ್ತು.

ಅದೇ ವಾರ ವರ್ನ್‌ಗೆ ಕೊಲಂಬಸ್‌ನ ಇನ್ನೊಂದು ಕಾರ್ಖಾನೆಯಿಂದ ಕೆಲಸಕ್ಕೆ ಕರೆ ಬಂತು. ಹೋಗಲೋ ಬೇಡವೋ ಎಂದು ಅವನು ಕೇಳಿದ್ದು ಕ್ಯಾಜ್‌ನನ್ನೇ. "ಯಾಕೋ ಊರು ಬಿಡ್ತೀಯ? ಮತ ಹಾಕು, ಇಲ್ಲೇ ಇರು," ಎಂದಿದ್ದ ಕ್ಯಾಜ್. ಹದಿನಾಲ್ಕು ತಿಂಗಳಿಗೆ ಕುಲುಮೆ ತಣ್ಣಗಾಯಿತು. ಕೊಲಂಬಸ್‌ನಲ್ಲಿ ಜಾಗ ಹೋಗಿತ್ತು. ವರ್ನ್ ಎರಡು ಗೋದಾಮುಗಳಲ್ಲಿ ಕಾವಲು ಕಾದ. ವಿಮೆ ಇಲ್ಲದ ಆರು ವರ್ಷ ಸಕ್ಕರೆಯ ಔಷಧಿಯನ್ನು ಅರ್ಧರ್ಧ ತೆಗೆದುಕೊಂಡ. ಹೆಂಡತಿ ತಂಗಿಯ ಮನೆಗೆ ಹೋದವಳು ತಿರುಗಿ ಬರಲಿಲ್ಲ.

ಶುಕ್ರವಾರ ಹಿಂತಿರುಗುವಾಗ ಕಾರಿನ ರೇಡಿಯೊದಲ್ಲಿ ಅದೇ ಸುದ್ದಿ. ತಂಡ ಯಾರನ್ನೂ ತಂದಿರಲಿಲ್ಲ. ಇರುವ ಹುಡುಗರ ಮೇಲೆ ನಮಗೆ ನಂಬಿಕೆಯಿದೆ ಎಂದು ಮಾಲೀಕ ಹೇಳಿಕೆ ಕೊಟ್ಟಿದ್ದ.

"ನಂಬಿಕೆ," ಎಂದ ವರ್ನ್. ಡಯಾಲಿಸಿಸ್ ಮುಗಿದ ಮೇಲೆ ಅವನ ದನಿ ಯಾವಾಗಲೂ ಬತ್ತಿರುತ್ತಿತ್ತು. "ನಂಬಿಕೆಗೆ ದುಡ್ಡು ಬೀಳಲ್ವಲ್ಲ. ಏನಪ್ಪ ವಕೀಲ?"

ಕ್ಯಾಜ್ ರೇಡಿಯೊ ಆರಿಸಿದ. ನದಿಯ ಪಕ್ಕದ ರಸ್ತೆ; ಎದುರಿಗೆ ಯಾವ ವಾಹನವೂ ಇರಲಿಲ್ಲ.

"ವರ್ನ್, ಇಟ್ಟಿಗೆಗೆ ಅವ್ರು ಹೇಳೇ ಇರ್ಲಿಲ್ಲ."

"ಯಾವ ಇಟ್ಟಿಗೆ?"

"ಎರಡನೇ ಕುಲುಮೇದು. ಮತ ಹಾಕೋಕೆ ಮುಂಚೇನೇ ಪಟ್ಟಿ ನೋಡಿದ್ದೆ. ಮುಚ್ತಾರೆ ಅಂತ ನಂಗೊತ್ತಿತ್ತು. ನೀನು ಕೊಲಂಬಸ್ ವಿಷಯ ಕೇಳ್ದಾಗ್ಲೂ ಗೊತ್ತಿತ್ತು. ನಂಗೆ ಹನ್ನೊಂದು ತಿಂಗಳು ಬೇಕಾಗಿತ್ತು."

ಎರಡು ಮೈಲಿ ಹೋದ ಮೇಲೆ ವರ್ನ್ ಕಿಟಕಿಯ ಗಾಜು ಇಳಿಸಿದ, ಮತ್ತೆ ಏರಿಸಿದ. ಮನೆ ಬಂತು. ಬಾಗಿಲು ತೆಗೆದು ಕಟ್ಟಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ. ಅವನು ಮೆಟ್ಟಿಲು ಹತ್ತುವವರೆಗೂ ಕ್ಯಾಜ್ ಕಾದ. ಅವನು ತಿರುಗಿ ನೋಡಲಿಲ್ಲ.

ಸೋಮವಾರ ಆರೂವರೆಗೆ ಕ್ಯಾಜ್ ಹೋದಾಗ ಮನೆಯ ಮುಂದೆ ಜಿಲ್ಲೆಯ ರೋಗಿಗಳ ವ್ಯಾನ್ ನಿಂತಿತ್ತು. ಚಾಲಕಿ ಹೆಂಗಸು ವರ್ನ್‌ನ ಗಾಲಿಕುರ್ಚಿಯನ್ನು ಹಲಗೆಯ ಮೇಲೆ ಏರಿಸುತ್ತಿದ್ದಳು. ಕಾಲು ಕಟ್ಟಿಕೊಂಡು ಇಳಿಯುವ ಹಟವನ್ನೂ ಅವನು ಬಿಟ್ಟಿದ್ದ. ಕ್ಯಾಜ್ ಬುಧವಾರವೂ ಹೋದ, ಶುಕ್ರವಾರವೂ ಹೋದ, ಬೀದಿಯ ತುದಿಯಲ್ಲಿ ನಿಂತು ವ್ಯಾನ್ ಹೋಗುವುದನ್ನು ನೋಡಿ ಮನೆಗೆ ಬಂದ. ಮುಂದಿನ ವಾರ ಅದನ್ನೂ ನಿಲ್ಲಿಸಿದ.

ಆಗಸ್ಟ್ ತಿಂಗಳಲ್ಲಿ ಮಿಸ್ ಒಡೆಸ್ಸಾ ಫೋನ್ ಮಾಡಿದಳು. "ನೀವಿಬ್ರೂ ಏನು ಮಾಡ್ಕೊಂಡ್ರೋ ನಂಗೊತ್ತಿಲ್ಲ. ಕೇಳೋದೂ ಇಲ್ಲ. ಆದ್ರೆ ಆ ವ್ಯಾನ್ ಒಂದು ದಿನ ಬರತ್ತೆ, ಒಂದು ದಿನ ತಾಸುಗಟ್ಲೆ ತಡ. ಅವ್ನು ಎರಡು ಸಲ ಅರ್ಧಕ್ಕೇ ಬಿಚ್ಚಿಸ್ಕೊಂಡು ಹೋದ. ಪಂದ್ಯದ ಬಗ್ಗೆ ಬಾಯೇ ಬಿಡಲ್ಲ. ಅದು ಒಳ್ಳೇದಲ್ಲ ಮಗಾ."

ಕ್ಯಾಜ್ ಅವತ್ತು ಸಂಜೆ ವರ್ನ್‌ನ ಬಾಗಿಲು ತಟ್ಟಿದ. ಒಳಗೆ ಟೀವಿಯ ಸದ್ದು ಕೇಳುತ್ತಿತ್ತು. ಬಾಗಿಲು ತೆರೆಯಲಿಲ್ಲ.

ಸೆಪ್ಟೆಂಬರ್ ಎರಡನೆಯ ವಾರ ವರ್ನ್‌ನ ಮಗಳು ಟ್ರೀನಾ ತಾನಾಗಿಯೇ ಕ್ಯಾಜ್‌ನ ಮನೆಗೆ ಬಂದಳು. ಕಣ್ಣು ಊದಿಕೊಂಡಿತ್ತು. "ಅಪ್ಪ ಡಯಾಲಿಸಿಸ್ ಸಾಕು ಅಂದುಬಿಟ್ಟಿದಾರೆ ಅಂಕಲ್. ಹೃದಯಾನೂ ಸೋತಿದೆ, ಇನ್ನೇನು ವಾರವೋ ಹತ್ತು ದಿನವೋ ಅಂದ್ರು ಡಾಕ್ಟರು. ನಿಮ್ಮನ್ನ ಕರ್ಕೊಂಡು ಬಾ ಅಂದ್ರು."

ಅವರು ವರ್ನ್‌ನ ಮನೆಗೆ ಹೋದಾಗ ಟೀವಿಯಲ್ಲಿ ಮಧ್ಯಾಹ್ನದ ಪಂದ್ಯ ನಡೆಯುತ್ತಿತ್ತು. ಮುಂದಿನ ಕೋಣೆಗೇ ಮಂಚ ತಂದು ಹಾಕಿದ್ದರು. ವರ್ನ್‌ನ ಮುಖ ಬಾತು ಮೇಣದ ಬಣ್ಣಕ್ಕೆ ತಿರುಗಿತ್ತು. ಕೂರು ಎಂದು ಅವನು ಹೇಳಲಿಲ್ಲ, ಕ್ಯಾಜ್ ಕೂತ. ಟ್ರೀನಾ ಅಡುಗೆಮನೆಗೆ ಹೋದ ಮೇಲೆ ವರ್ನ್ ಟೀವಿ ನೋಡುತ್ತಲೇ ಕೇಳಿದ.

"ಎಷ್ಟು ಜನಕ್ಕೆ ಗೊತ್ತಿತ್ತು?"

"ಮ್ಯಾನೇಜರ್‌ಗೆ. ನಂಗೆ."

"ಮ್ಯಾನೇಜರ್ ಸತ್ತು ಹೋದ."

"ಹೂಂ."

"ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ಹೇಳ್ಬೇಕು ಅಂತಿದೀನಿ. ಉಳಿದಿರೋರಿಗೆಲ್ಲ."

"ಹೇಳ್ಬೇಡ." ವರ್ನ್ ಉಸಿರು ಎಳೆದುಕೊಂಡ. "ಇಪ್ಪತ್ತೊಂದು ವರ್ಷ ಕಂಪ್ನೀನ ಬೈಕೊಂಡು ಆರಾಮಾಗಿದ್ದೆ. ಕಂಪ್ನಿಗೆ ಮುಖ ಇಲ್ಲ. ಬೈದು ಮಲಗಿದ್ರೆ ನಿದ್ದೆ ಬರೋದು. ಈಗ ಸಾಯೋ ಕಾಲಕ್ಕೆ ಅದಕ್ಕೆ ನಿನ್ನ ಮುಖ ಅಂಟಿಸ್ದೆ. ನಂಗೆ ಮಾಡಿದ್ದು ಸಾಕು, ಅವ್ರಿಗೆ ಮಾಡ್ಬೇಡ."

"ವರ್ನ್, ನಾನು ನಿನ್ನತ್ರ..."

"ನಿಂಗೆ ಹಗುರ ಆಗ್ಬೇಕಾಗಿತ್ತು, ಅದಕ್ಕೇ ಹೇಳ್ದೆ. ನನ್ ಮೇಲೆ ಇಳಿಸ್ದೆ. ಇನ್ನು ನೀನೊಬ್ನೇ ಹೊತ್ಕೊ."

ಕ್ಷಮಿಸು ಎನ್ನುವ ಮಾತು ಕ್ಯಾಜ್‌ನ ಬಾಯಿಗೆ ಬಂದಿತ್ತು. ಅದೂ ಒಂದು ಇಳಿಸುವಿಕೆಯೇ ಎಂದು ಅನ್ನಿಸಿ ನುಂಗಿಕೊಂಡ. ಟೀವಿಯಲ್ಲಿ ಆ ಇಪ್ಪತ್ತೊಂದರ ಹುಡುಗ ಎಸೆಯುತ್ತಿದ್ದ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಏಳನೆಯದು. ಚೆಂಡುಗಳು ನೇರವಾಗಿ, ನಿಧಾನವಾಗಿ ಹೋಗುತ್ತಿದ್ದವು. ಎದುರಾಳಿಗಳು ಒಬ್ಬೊಬ್ಬರಾಗಿ ಬಂದು ಬಾರಿಸುತ್ತಿದ್ದರು. ಹುಡುಗ ಮಧ್ಯೆ ಮಧ್ಯೆ ತೋಳು ಕೆಳಗೆ ಬಿಟ್ಟು ಕೊಡವುತ್ತಿದ್ದ.

"ಅವನನ್ನ ಇನ್ನೂ ಯಾಕೆ ನಿಲ್ಸಿದಾರೆ?" ಎಂದ ವರ್ನ್. "ಕೈ ಬಿದ್ದು ಹೋಗಿದೆ, ಕಾಣ್ಸಲ್ವಾ ಇವ್ರಿಗೆ?"

"ಬೇರೆ ಯಾರೂ ಇಲ್ಲ," ಎಂದ ಕ್ಯಾಜ್.

ಪಂದ್ಯ ಮುಗಿಯುವವರೆಗೂ ಇಬ್ಬರೂ ನೋಡಿದರು. ನಮ್ಮವರು ಸೋತರು. ಮಾರನೆಯ ದಿನ ಬಾ ಎಂದು ವರ್ನ್ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಕ್ಯಾಜ್ ಐದು ದಿನ ಹೋದ. ಆರನೆಯ ದಿನ ವರ್ನ್‌ಗೆ ಪ್ರಜ್ಞೆ ಇರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಹಜಾರದಲ್ಲಿ ಊಟ. ಹಂದಿಮಾಂಸದ ತುಂಡುಗಳನ್ನಿಟ್ಟ ಬ್ರೆಡ್ಡು, ಆಲೂಗಡ್ಡೆ ಸಲಾಡ್, ನೀರು ಕಾಫಿ. ಕಾರ್ಖಾನೆಯ ಹಳಬರು ಹದಿನೆಂಟು ಮಂದಿ ಬಂದಿದ್ದರು. ವರ್ನ್‌ನನ್ನು ನಾಲ್ಕು ವರ್ಷ ಕರೆದೊಯ್ದವನು ಎಂದು ಎಲ್ಲರೂ ಕ್ಯಾಜ್‌ನ ಬೆನ್ನು ಮುಟ್ಟಿ ಹೋದರು. ಕುಲುಮೆಯ ಪಾಳಿಯಲ್ಲಿದ್ದ ಲೂ ಬೆನೆಡಿಟ್ಟಿ ತಟ್ಟೆ ಹಿಡಿದು ಅವನ ಎದುರಿಗೆ ಕೂತ.

"ಇದನ್ನ ಎಂದೋ ಹೇಳ್ಬೇಕಾಗಿತ್ತು ಕ್ಯಾಜ್," ಎಂದ ಲೂ. "ಆವತ್ತು ನೀನು ಆ ಮತ ಹಾಕಿಸ್ದಿದ್ರೆ ಆ ಚಳಿಗಾಲಾನೇ ಮುಚ್ತಿದ್ರು. ಆ ಹದಿನಾಲ್ಕು ತಿಂಗಳಲ್ಲಿ ನನ್ನ ದೊಡ್ಡ ಮಗಳು ನರ್ಸಿಂಗ್ ಮುಗಿಸಿದ್ಲು. ಜನ ನಿನ್ನ ಬೈದ್ರು, ನಾನೂ ಒಂದೆರಡು ಸಲ ಬೈದಿದೀನಿ. ತಪ್ಪಾಯ್ತು. ನಾಳೆ ನಾನೂ ಹೋಗ್ಬಿಟ್ರೆ ಹೇಳೋರು ಯಾರು, ಅದಕ್ಕೇ ಈಗ್ಲೇ ಹೇಳ್ತಿದೀನಿ."

ಅವನು ಮೇಜಿನ ಮೇಲಿಂದ ಕೈ ಚಾಚಿದ. ಸುತ್ತ ಕೂತ ಹಳಬರು ಹೌದು ಹೌದು ಎಂದು ತಲೆಯಾಡಿಸಿದರು. ಕ್ಯಾಜ್‌ನ ಗಂಟಲಿಗೆ ಇಟ್ಟಿಗೆಯ ಮಾತು ಬಂತು. ಹದಿನೆಂಟು ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಲೂನ ಕೈ ಹಿಡಿದು, "ಪರ್ವಾಗಿಲ್ಲ ಬಿಡು," ಎಂದ.

ಲೂ ಸಮಾಧಾನದಿಂದ ಬ್ರೆಡ್ಡಿಗೆ ಕೈ ಹಾಕಿದ. ಮಾತು ತಂಡದ ಕಡೆ ತಿರುಗಿತು. ಆ ಹುಡುಗನ ಮೊಣಕೈಗೆ ಶಸ್ತ್ರಚಿಕಿತ್ಸೆಯಂತೆ, ಬರುವ ವರ್ಷ ಪೂರ್ತಿ ಆಡುವುದಿಲ್ಲವಂತೆ. ಮಾಲೀಕ ಕೈ ಬಿಚ್ಚಬೇಕು, ಇನ್ನಿಬ್ಬರು ಪಿಚರ್‌ಗಳಾದರೂ ಬೇಕು ಎಂದು ಒಬ್ಬ ಹೇಳಿದ. ಎಲ್ಲಿಂದ ತರುತ್ತಾನೆ, ಚಿಕ್ಕ ಊರಿನ ತಂಡ ಎಂದು ಇನ್ನೊಬ್ಬ. ನೀನೇನಂತೀಯ ಎಂದು ಅವರು ಕ್ಯಾಜ್‌ನ ಕಡೆ ನೋಡಿದರು. ಅವನು ತಟ್ಟೆಯಲ್ಲಿದ್ದುದನ್ನು ತಿನ್ನುತ್ತಿದ್ದ. ನನಗೆ ಗೊತ್ತಿಲ್ಲ ಎಂದು ಮತ್ತೆ ತಿನ್ನತೊಡಗಿದ.