ಓಕ್ ಹಾಕದ ಜಾಡಿ

ನನ್ನ ಮಾವ ಬಳ್ಳಾರಿಯ ದಂಡಿನಲ್ಲಿ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಗೆ ಬಟ್ಲರ್ ಆಗಿದ್ದವರು. ಆಯುಷ್ಯದ ಮುಕ್ಕಾಲು ಪಾಲನ್ನು ಊಟದ ಮೇಜಿನ ಪಕ್ಕದಲ್ಲಿ ನಿಂತೇ ಕಳೆದರು. ವಿಲಾಯತಿಯಿಂದ ಬಂದ ಬಿಳಿ ವೈನನ್ನು ಎಷ್ಟು ಜನರ ಗ್ಲಾಸಿಗೆ ಸುರಿದರೋ ಲೆಕ್ಕವಿಲ್ಲ; ತಾವು ಕೂತು ಒಂದು ಗ್ಲಾಸನ್ನೂ ಕುಡಿದಿರಲಿಲ್ಲ. ಊಟ ಮುಗಿದ ಮೇಲೆ ಗ್ಲಾಸುಗಳ ತಳದಲ್ಲಿ ಉಳಿದದ್ದನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ಇದನ್ನು ಅವರೇ ನಗುನಗುತ್ತಾ ಹೇಳುತ್ತಿದ್ದರು. ನನಗೆ ಮಾತ್ರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಕೆಲಸ ಬಿಟ್ಟ ಮೇಲೆ ಅವರು ರಾಯದುರ್ಗಕ್ಕೆ ಬಂದು ನಮ್ಮ ಜೊತೆಗೇ ಇದ್ದರು. ನನ್ನ ಗಂಡನಿಗೆ ಅಲ್ಲಿಯ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ನಾನು ಮಡಕಶಿರದ ಕಡೆಯವಳು. ನಮ್ಮದು ಅಲ್ಲೂ ಇಲ್ಲೂ ಕ್ರೈಸ್ತರ ಮನೆ. ತವರಿನ ಬಾವಿಯ ಪಕ್ಕದಲ್ಲಿ ಹಸಿರು ದ್ರಾಕ್ಷಿಯ ಬಳ್ಳಿಯೊಂದಿತ್ತು. ಅವ್ವ ಪ್ರತಿ ವರ್ಷ ಅದರ ಹಣ್ಣಿನಿಂದ ಒಂದು ಜಾಡಿ ವೈನ್ ಮಾಡಿ ಕ್ರಿಸ್ಮಸ್ಸಿಗೆ ಎತ್ತಿಡುತ್ತಿದ್ದಳು. ಮದುವೆಯಾಗಿ ಹೊರಟಾಗ ನಾನು ಆ ಬಳ್ಳಿಯ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೆ. ಹಿಂದೂಪುರದವರೆಗೆ ಎತ್ತಿನ ಗಾಡಿ, ಅಲ್ಲಿಂದ ಗುಂತಕಲ್ಲು, ಬಳ್ಳಾರಿ ಅಂತ ರೈಲು ಬದಲಿಸುತ್ತಾ ಬಂದರೂ ಅದು ನನ್ನ ತೊಡೆ ಬಿಟ್ಟು ಇಳಿಯಲಿಲ್ಲ. ಸೀರೆಯ ಟ್ರಂಕು ಯಾರ ಕೈಯಲ್ಲಿತ್ತೋ ನನಗೆ ಗೊತ್ತಿಲ್ಲ.

ರಾಯದುರ್ಗದಲ್ಲಿ ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಬಿಸಿಯನ್ನು ನಮ್ಮ ಹಿತ್ತಿಲಿಗೇ ತಂದು ಸುರಿಯುತ್ತಿದ್ದವು. ಅಂಥ ಜಾಗದಲ್ಲಿ ದ್ರಾಕ್ಷಿ ಬರುತ್ತದೆಯೇ ಎಂದು ಓಣಿಯವರು ನಕ್ಕರು. ಪಕ್ಕದ ಕುರಿ ಸಾಕುವ ಮನೆಯವರು ಮಾತ್ರ ನಗದೆ ಬುಟ್ಟಿ ತುಂಬ ಹಿಕ್ಕೆ ತಂದು ಬುಡಕ್ಕೆ ಹಾಕಿದರು. ಪಾತ್ರೆ ತೊಳೆದ ನೀರು, ಮುಖ ತೊಳೆದ ನೀರು ಎಲ್ಲವನ್ನೂ ನಾನು ಅದಕ್ಕೇ ಸುರಿದೆ. ಬಳ್ಳಿ ಹಟ ಹಿಡಿದಂತೆ ಮೇಲೆದ್ದು ಚಪ್ಪರ ಹತ್ತಿತು.

ಒಂದು ಜಾಡಿಗೆ ಸಾಲುವಷ್ಟು ಹಣ್ಣು ಬಿಟ್ಟ ಮೊದಲ ವರ್ಷವೇ ನಾವೊಂದು ದೊಡ್ಡ ಎಡವಟ್ಟು ಮಾಡಿಕೊಂಡೆವು. ದೊರೆಗಳ ವೈನು ಓಕ್ ಮರದ ಪೀಪಾಯಿಯಲ್ಲಿ ಕೂತು ಮಾಗುತ್ತದೆ, ಮರದ ಸೋಂಕಿಲ್ಲದಿದ್ದರೆ ಅದಕ್ಕೆ ಮೈಯೇ ಬರುವುದಿಲ್ಲ ಎಂದು ಮಾವ ಹಟ ಹಿಡಿದರು. ನಮ್ಮ ಸೀಮೆಯಲ್ಲಿ ಓಕ್ ಎಲ್ಲಿಂದ ಬರಬೇಕು? ಆದರೆ ಸಾರಾಯಿ ಇಳಿಸುವವರು ಕೊಳೆಹಾಕಿದ ಬೆಲ್ಲದ ನೀರಿಗೆ ಜಾಲಿಮರದ ತೊಗಟೆಯ ಚಕ್ಕೆ ಹಾಕುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾರಾಯಿಗೆ ಆಗುವುದು ವೈನಿಗೆ ಯಾಕಾಗಬಾರದು, ಮರ ಅಂದರೆ ಮರವೇ ತಾನೇ ಎಂದು ಮೂವರೂ ಸೇರಿ ತೀರ್ಮಾನ ಮಾಡಿ ಒಂದು ಹಿಡಿ ಜಾಲಿ ಚಕ್ಕೆ ಜಾಡಿಗೆ ಹಾಕಿದೆವು. ಕ್ರಿಸ್ಮಸ್ಸಿಗೆ ತೆಗೆದರೆ ಕಪ್ಪು ಶಾಯಿ. ಒಂದು ಗುಟುಕಿಗೇ ನಾಲಗೆ ಮುದುರಿಕೊಂಡಿತು. ಇದರಲ್ಲಿ ಚರ್ಮ ನೆನೆಹಾಕಿದರೆ ಒಳ್ಳೆಯ ಚಪ್ಪಲಿ ಹೊಲಿಸಬಹುದು ಎಂದು ನನ್ನ ಗಂಡ ನಗಾಡಿದ. ನನಗೆ ನಗು ಬರಲಿಲ್ಲ. ನನ್ನ ಬಳ್ಳಿಯ ಒಂದು ವರ್ಷದ ಹಣ್ಣು ಚರಂಡಿಗೆ ಹೋಯಿತು.

ಮುಂದಿನ ಬೇಸಿಗೆ ಬರುವಷ್ಟರಲ್ಲಿ ಮಾವನ ಹೊಟ್ಟೆಯಲ್ಲಿ ಗಂಟು ಕಾಣಿಸಿಕೊಂಡಿತು. ಬಳ್ಳಾರಿಯ ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಈ ಸಲದ್ದಾದ ಮೇಲೆ ಇನ್ನೊಂದು ದ್ರಾಕ್ಷಿ ಕಾಲವನ್ನು ಇವರು ನೋಡುವುದು ಕಷ್ಟ ಎಂದುಬಿಟ್ಟರು. ಯಾರೂ ಹೇಳದಿದ್ದರೂ ಮಾವನಿಗೆ ಅದು ತಿಳಿದುಹೋಗಿತ್ತು. ಹಣ್ಣು ಕೊಯ್ಯುವ ದಿನ ಹಿತ್ತಿಲಿಗೆ ಮಂಚ ಹಾಕಿಸಿಕೊಂಡು ನನ್ನನ್ನು ಹತ್ತಿರ ಕರೆದರು.

"ಈ ಜಾಡಿ ನನಗಂತ ಮಾಡವ್ವ. ದೊರಿ ಕುಡದಂಥಾದ್ದು ನನ್ನ ಮನ್ಯಾಗ ಆಗಬೇಕು. ನಾ ಕುರ್ಚಿ ಮ್ಯಾಲ ಕುಂತು ಒಂದು ಗ್ಲಾಸು ಕುಡೀಬೇಕು. ಮತ್ತೇನೂ ಬ್ಯಾಡ."

ಆಗಲಿ ಎಂದೆ. ಎಳೆಯದನ್ನೂ ಕೊಳೆತದ್ದನ್ನೂ ಬೇರೆ ಮಾಡಿ, ಒಳ್ಳೆಯ ಹಣ್ಣನ್ನಷ್ಟೇ ಹಿಸುಕಿ, ಸಿಪ್ಪೆಯ ಬಣ್ಣ ಇಳಿಯುವ ಮೊದಲೇ ಹೊಸ ಬಟ್ಟೆಯಲ್ಲಿ ಹಿಂಡಿ ರಸ ತೆಗೆದೆ. ಬ್ರೆಡ್ಡಿನ ಹಿಟ್ಟು ಉಬ್ಬಿಸಲು ದಂಡಿನ ಅಡುಗೆಯವರು ಬಳಸುತ್ತಿದ್ದಂತೆ ಒಂದು ಚಮಚ ಈಚಲ ಹೆಂಡ ಬೆರೆಸಿದೆ. ಜಾಡಿಯನ್ನು ಬಚ್ಚಲಮನೆಯ ಮೂಲೆಯಲ್ಲಿ ಒದ್ದೆ ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು, ಬಿಸಿಲೇರಿದಾಗಲೆಲ್ಲ ಮರಳಿಗೆ ನೀರು ಚಿಮುಕಿಸುತ್ತಾ ಕಾದೆ. ಆ ದಿನಗಳಲ್ಲಿ ನನ್ನ ಗಂಡನಿಗೆ ಊಟ ಹೊತ್ತಿಗೆ ಸರಿಯಾಗಿ ಸಿಕ್ಕಿತೋ ಇಲ್ಲವೋ, ಜಾಡಿಗೆ ನೀರು ತಪ್ಪಲಿಲ್ಲ.

ನೊರೆ ಇಳಿದು ರಸ ಶಾಂತವಾಯಿತು. ತಳದ ಗಸಿ ಬಿಟ್ಟು ತಿಳಿಯನ್ನು ಇನ್ನೊಂದು ಜಾಡಿಗೆ ಬಸಿದು ಮುಗಿಸುವ ಹೊತ್ತಿಗೆ ನನ್ನ ಗಂಡ ಬಳ್ಳಾರಿಯಿಂದ ಗೋಣಿಯಲ್ಲಿ ಸುತ್ತಿದ ಹಲಗೆಯೊಂದನ್ನು ಹೊತ್ತು ತಂದ. ದಂಡಿನ ಕ್ಯಾಂಟೀನಿನಲ್ಲಿ ಹಳೆಯ ಪೀಪಾಯಿಯೊಂದು ಒಡೆದಿತ್ತಂತೆ, ಸೌದೆಗೆ ಹೋಗುವುದನ್ನು ಕೇಳಿ ತಂದಿದ್ದ. ನಿಜವಾದ ಓಕ್. ಮಾವ ಅದನ್ನು ಎದೆಯ ಮೇಲೆ ಇಟ್ಟುಕೊಂಡು ಮೂಸಿ ನೋಡಿದರು. ಸಣ್ಣ ಸಣ್ಣ ಸೀಳು ಮಾಡಿ ಕೆಂಡದ ಮೇಲೆ ಬಾಡಿಸಿ ಹಾಕಬೇಕು ಎಂದು ಅಪ್ಪಣೆಯಾಯಿತು.

ನಾನು ಹಾಕುವುದಿಲ್ಲ ಎಂದೆ. ಹೋದ ವರ್ಷದ್ದು ಜಾಲಿ, ಇದು ಓಕ್, ಎರಡಕ್ಕೂ ಅಜಗಜಾಂತರ ಎಂದು ಮಾವ ಸಮಾಧಾನದಿಂದಲೇ ವಿವರಿಸಿದರು. ಜಾಲಿಯ ಸಿಟ್ಟು ನನಗೆ ಇನ್ನೂ ಇಳಿದಿರಲಿಲ್ಲ ಎನ್ನುವುದು ನಿಜ. ಆದರೆ ಅದಷ್ಟೇ ಅಲ್ಲ. ಬಸಿಯುವಾಗ ಒಂದು ಬೆರಳು ಅದ್ದಿ ರುಚಿ ನೋಡಿದ್ದೆ. ತೆಳ್ಳಗೆ, ಹುಳಿಹುಳಿಯಾಗಿ, ನಮ್ಮ ಬಾವಿಯ ಪಕ್ಕದ ಹಣ್ಣೇ ಅದು. ಅದರ ಮೇಲೆ ಇನ್ನೊಂದನ್ನು ಹೇರಲು ನನಗೆ ಮನಸ್ಸಿರಲಿಲ್ಲ.

"ಮರದ ವಾಸನಿ ಇಲ್ಲಂದ್ರ ಅದು ವೈನ್ ಅಲ್ಲವ್ವ, ಬರೇ ದ್ರಾಕ್ಷಿ ನೀರು" ಎಂದರು ಮಾವ.

ನನ್ನ ಬಾಯಿಗೆ ಬೀಗ ಎಂಬುದು ಎಂದೂ ಇರಲಿಲ್ಲ. "ಅಷ್ಟು ವರ್ಷ ದೊರೆ ಎಂಜಲು ಕುಡಿದ್ರಲ್ಲ ಮಾವ, ಸಾಲದಾ? ನನ್ ಬಳ್ಳೀದನ್ನೂ ಎಂಜಲಿನಂಗೆ ಮಾಡಿ ಕೊಡ್ಬೇಕಾ?" ಎಂದುಬಿಟ್ಟೆ.

ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ಗಂಜಿ ಕೊಟ್ಟರೂ ಗೋಡೆಯ ಕಡೆ ಮುಖ ಮಾಡಿಯೇ ಕುಡಿಯುತ್ತಿದ್ದರು. ಗಂಡ ಬಚ್ಚಲಮನೆಗೆ ಬಂದು, ಸಾಯುವ ಮುದುಕನ ಒಂದು ಆಸೆಗೆ ನೀನು ಯಾಕೆ ಅಡ್ಡ ನಿಲ್ಲುತ್ತೀ ಎಂದು ಗದರಿದ. ಅರ್ಧ ಜಾಡಿಗಾದರೂ ಹಾಕು, ಇನ್ನರ್ಧ ನಿನ್ನಿಷ್ಟದಂತಿರಲಿ ಎಂದು ರಾಜಿಗೂ ಬಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಜಾಡಿ ಒಂದೇ, ಮಾವನಿಗೆ ಉಳಿದ ಕಾಲವೂ ಅಷ್ಟೇ. ನಾನು ತಪ್ಪಿದರೆ ತಿದ್ದಿಕೊಳ್ಳಲು ಇನ್ನೊಂದು ಹಣ್ಣಿನ ಕಾಲ ಅವರ ಪಾಲಿಗಿರಲಿಲ್ಲ. ಇದನ್ನೆಲ್ಲ ಯೋಚಿಸಿ ನನಗೂ ಅಳು ಬಂತು.

ಕೊನೆಗೆ ನೋಡಿಯೇ ಬಿಡೋಣ ಎಂದು ಎರಡು ಔಷಧಿ ಬಾಟಲಿಗಳನ್ನು ಕುದಿಸಿ ತೊಳೆದು ಎರಡಕ್ಕೂ ಜಾಡಿಯಿಂದ ವೈನ್ ತುಂಬಿದೆ. ಒಂದಕ್ಕೆ ಮಾವ ಹೇಳಿದಂತೆಯೇ ಓಕಿನ ಸೀಳನ್ನು ಕೆಂಡದಲ್ಲಿ ಬಾಡಿಸಿ ಹಾಕಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ವಾರ ಕಳೆದು ಬಿರಡೆ ತೆಗೆದು ಎರಡನ್ನೂ ರುಚಿ ನೋಡಿದೆ. ಓಕ್ ಹಾಕಿದ್ದು ಚೆನ್ನಾಗಿತ್ತು. ಬಿಸ್ಕತ್ತು ಬೇಯುವ ಮನೆಯ ವಾಸನೆ, ನಾಲಗೆಯ ಮೇಲೆ ಒಂದು ನುಣುಪು. ಹುಡುಕಿದರೆ ದ್ರಾಕ್ಷಿ ಮಾತ್ರ ಸಿಗುತ್ತಿರಲಿಲ್ಲ, ಮಗುವಿಗೆ ದೊಡ್ಡವರ ಕೋಟು ತೊಡಿಸಿದ ಹಾಗಿತ್ತು. ಆದರೂ ಮಾವ ಕೇಳಿದ್ದು ಇದನ್ನೇ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಅವರೇ ಹೇಳಲಿ, ಅವರು ಹೇಳಿದಂತೆಯೇ ಮಾಡುತ್ತೇನೆ ಎಂದುಕೊಂಡು ಅದನ್ನು ಒಂದು ಗ್ಲಾಸಿಗೆ ಸುರಿದು ಮಂಚದ ಬಳಿ ಒಯ್ದೆ. ಗಂಡ ಅಲ್ಲೇ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಿದ್ದ.

ಮಾವ ಎದ್ದು ಕೂತು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಅವರ ಮುಖ ಬೆಳಗಿತು. ಆಮೇಲೆ ನಡೆದದ್ದನ್ನು ನಾವಿಬ್ಬರೂ ಕಣ್ಣಾರೆ ನೋಡಿದೆವು. ಎಷ್ಟೋ ದಿನಗಳಿಂದ ಬೇರೆಯವರು ಹಿಡಿದರೆ ಮಾತ್ರ ಮಂಚ ಇಳಿಯುತ್ತಿದ್ದ ಮನುಷ್ಯ ಯಾರ ಆಸರೆಯೂ ಇಲ್ಲದೆ ಮಂಚದಿಂದ ಇಳಿದು ನಿಂತರು. ಹಿಮ್ಮಡಿಗಳು ಜೋಡಿಯಾದವು, ಬೆನ್ನು ನೆಟ್ಟಗಾಯಿತು, ಎಡಗೈ ದೊರೆಯ ಊಟದ ಮೇಜಿನ ಪಕ್ಕದಲ್ಲಿದ್ದಂತೆ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು. ಗ್ಲಾಸನ್ನು ತುಟಿಗೆ ಮುಟ್ಟಿಸಲೇ ಇಲ್ಲ. ನಾಲ್ಕು ಹೆಜ್ಜೆ ನಡೆದು ಅದನ್ನು ಮಗನ ಬಲಗಡೆಯಿಂದ ಅವನ ಮುಂದೆ ಇಟ್ಟರು. ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ನಾವು ಹಿಡಿದುಕೊಂಡು ಮಲಗಿಸಿದೆವು. ತಾವೇನು ಮಾಡಿದೆವು ಎಂಬುದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ನನ್ನ ಗಂಡ ಆ ಗ್ಲಾಸನ್ನು ಮುಟ್ಟಲಿಲ್ಲ. ಅರ್ಧ ಜಾಡಿಯ ಮಾತನ್ನೂ ಮತ್ತೆ ಎತ್ತಲಿಲ್ಲ. ಜಾಡಿಗೆ ಯಾವ ಮರವನ್ನೂ ಹಾಕದೆ, ಬಾಯಿಗೆ ಗೋಧಿ ಹಿಟ್ಟು ಮೆತ್ತಿ ಮುಚ್ಚಿದೆ. ಇನ್ನು ಮೇಲೆ ಯಾರು ಬಂದು ಹೇಳಿದರೂ, ಮಾವನೇ ಕೈ ಮುಗಿದು ಕೇಳಿದರೂ ಇದನ್ನು ಬದಲಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಮಾವ ಎರಡು ಸಲ ಕೇಳಿದರು, ಹಲಗೆ ಹಾಕಿದಿ ಏನವ್ವ ಎಂದು. ಇಲ್ಲ ಎಂದು ಎರಡು ಸಲವೂ ಮುಖ ನೋಡಿಯೇ ಹೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು, ನನಗೆ ಅದು ಬೇಡವಾಗಿತ್ತು.

ಕ್ರಿಸ್ಮಸ್ಸಿಗೆ ಕಾಯುವಂತಿರಲಿಲ್ಲ. ಮುಂಗಾರಿನ ಮೊದಲ ಹನಿ ಬಿದ್ದು ಹಿತ್ತಿಲು ತಂಪಾದ ಒಂದು ಮಧ್ಯಾಹ್ನ ಜಾಡಿ ತೆಗೆದೆ. ಚಪ್ಪರದ ಕೆಳಗೆ ಮೇಜು ಎಳೆದು ಒಗೆದ ಪಂಚೆ ಹಾಸಿದೆವು. ಮಗ ತಂದೆಗೆ ಬಿಳಿಯ ಅಂಗಿ ತೊಡಿಸಿ, ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ. ವೈನು ಒಣ ಹುಲ್ಲಿನ ಬಣ್ಣಕ್ಕೆ ತಿರುಗಿ ತಿಳಿಯಾಗಿತ್ತು. ನಾನು ಗ್ಲಾಸಿಗೆ ಸುರಿದು ಅವರ ಕೈಗೆ ಕೊಟ್ಟೆ. ಈ ಮನುಷ್ಯ ಈಗಲೂ ಎದ್ದು ನಿಂತರೆ ನನ್ನ ಗತಿಯೇನು ಎಂಬ ಭಯ.

ಮಾವ ಮೂಸಿದರು. ನಾನು ಅವರ ಪಾದಗಳನ್ನೇ ನೋಡುತ್ತಿದ್ದೆ. ಅವು ಎಲ್ಲಿದ್ದವೋ ಅಲ್ಲೇ ಇದ್ದವು. ಒಂದು ಗುಟುಕು ಕುಡಿದು ಮುಖ ಕಿವುಚಿದರು, ಇನ್ನೊಂದು ಗುಟುಕು ಕುಡಿದರು. ಹೇಗಿದೆ ಎಂದು ಮಗ ಕೇಳಿದ.

"ಹುಳಿ ಐತಿ" ಎಂದರು.

ಓಕಿನ ಹೆಸರೆತ್ತಲಿಲ್ಲ, ದೊರೆಯ ಹೆಸರನ್ನೂ ಎತ್ತಲಿಲ್ಲ. ದಿಂಬಿಗೆ ಒರಗಿಕೊಂಡು, ಒಂದು ಕಾಲನ್ನು ಮುಂದಕ್ಕೆ ಚಾಚಿ, ಚಪ್ಪರದ ಎಲೆಗಳನ್ನು ನೋಡುತ್ತಾ ನಿಧಾನವಾಗಿ ಕುಡಿದು ಮುಗಿಸಿದರು. ಅಷ್ಟು ಸಂತೋಷ ನನಗೆ ಆಮೇಲೆ ಆದದ್ದು ನೆನಪಿಲ್ಲ. ಆಮೇಲೆ ಅವರು ಗ್ಲಾಸನ್ನು ಪಕ್ಕಕ್ಕೆ ಚಾಚಿ ಹಿಡಿದರು. ಸುರಿಯುವವರು ಯಾರೆಂದು ಕುತ್ತಿಗೆ ಹೊರಳಿಸಿ ನೋಡಲೂ ಇಲ್ಲ. ನಾನು ಸೆರಗು ಬಿಗಿದುಕೊಂಡು ಅಂಚಿನವರೆಗೆ ಸುರಿದೆ.