ಇಲ್ಲದ ಕಾರ್ಡಿಗೆ ಎರಡು ದಿನ

ಅಂದು ಅಂಗಡಿಯಲ್ಲಿ ನಾನು 'ಕಳ್ಳ' ಎಂದೆನೋ ಇಲ್ಲವೋ, ಈಗ ಖಚಿತವಾಗಿ ನೆನಪಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ನನ್ನ ಲ್ಯಾಪ್‌ಟಾಪಿಗೆ ಶಹಾಪುರದ ರಿಪೇರಿಗಾರ ಖಾಜಾಸಾಬರು ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದರು. ಸುರಪುರದ ಮನೆಯಲ್ಲಿ ಎರಡು ದಿನ ವೈಫೈ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್‌ಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದರೂ ವೈಫೈ ಬರಲಿಲ್ಲ. ರೋಸಿಹೋಗಿ ಮತ್ತೆ ಬಸ್ಸು ಹತ್ತಿದೆ. ಖಾಜಾಸಾಬರು ತಳದ ಮುಚ್ಚಳ ಬಿಚ್ಚಿದರೆ ಒಳಗೆ ವೈಫೈ ಕಾರ್ಡೇ ಇರಲಿಲ್ಲ. ಅದಕ್ಕೆ ಜೋಡಿಸುವ ವೈರುಗಳ ತುದಿಗೆ ನೀಲಿ ಟೇಪು ಸುತ್ತಿತ್ತು.

"ಮೊದ್ಲು ಇತ್ತು. ನೀವೇ ತಗದೀರಿ!" ಎಂದು ಗಿರಾಕಿಗಳೆದುರೇ ಕೂಗಿದೆ.

"ಇಲ್ಲದ ಕಾರ್ಡಿಗಿ ಎರಡ್ ದಿನ ಡ್ರೈವರ್ ಹಾಕೀರಲ್ರಿ ಸರ! ನನ್ನ ಅಂಗಡ್ಯಾಗ ನೀಲಿ ಟೇಪ್ ಎಲ್ಲಿ ಅದ, ತೋರಸ್ರಿ," ಎಂದರು ಅವರು. ಅಲ್ಲಿದ್ದದ್ದು ಕರಿ ಟೇಪು ಮಾತ್ರ.

ಮನೆಗೆ ಬಂದು ಮೇಜಿನ ಖಾನೆ ಎಳೆದು ನೋಡಿದೆ. ನೀಲಿ ಟೇಪಿನ ಸುರುಳಿಯ ಪಕ್ಕದಲ್ಲೇ ಕಾರ್ಡು ಇತ್ತು. ಅದಕ್ಕೆ ಸುತ್ತಿದ್ದ ಚೀಟಿಯ ಮೇಲೆ ನನ್ನದೇ ಅಕ್ಷರ: 'ಕೆಟ್ಟಿದೆ, ಬದಲಿಸಬೇಕು.'