ಬೆಂಡು ಬಿಚ್ಚಿದ ದೊಡ್ಡಯ್ಯ

ಹಂಗಳದ ದೊಡ್ಡಯ್ಯನಿಗೆ ಗಾಳ ಹಾಕುವುದರಲ್ಲಿ ಇದ್ದ ಜಂಬ ಅಷ್ಟಿಷ್ಟಲ್ಲ. ಅರಿಸಿನದ ಹೊಲದಲ್ಲಿ ಕೂಲಿ ಇಲ್ಲದ ದಿನ ಅವನು ಕೆರೆ ಏರಿಯ ಮೇಲೆ ಕೂತನೆಂದರೆ ಸುತ್ತಮುತ್ತ ಯಾರೂ ಕೆಮ್ಮುವಂತಿಲ್ಲ. ದಾರಕ್ಕೆ ಕಟ್ಟಿದ ಬೆಂಡು ನೀರಿನಲ್ಲಿ ಒಮ್ಮೆ ಮುಳುಗಿದರೆ ಸಾಕು, ಮೀನು ಕಚ್ಚಿತೆಂದು ಸರಕ್ಕನೆ ಎಳೆಯುತ್ತಿದ್ದ. ಎಳೆದದ್ದು ಬರಿದಾದದ್ದೇ ಅಪರೂಪ.

ಇಂಥವನು ಈ ಸಲ ಗಾಳದ ಸಮೇತ ಗುಂಡ್ಲುಪೇಟೆಯಲ್ಲಿ ಕೇರಳದ ಬಸ್ಸು ಹತ್ತಿದ್ದು ಮೀನಿನ ಆಸೆಗಲ್ಲ. ಮಗಳು ಸ್ವರ್ಣಲತಾ, ಗುಂಡ್ಲುಪೇಟೆ ಮಾರ್ಕೆಟ್ಟಿಗೆ ತರಕಾರಿ ಒಯ್ಯಲು ಕೇರಳದಿಂದ ಲಾರಿ ತರುತ್ತಿದ್ದ ಸುನೀಲ್ ಕುಮಾರನನ್ನು ಮೆಚ್ಚಿ ಮದುವೆಯಾಗಿ, ಅಲ್ಲಿನ ಕಡಲ ದಂಡೆಯ ಮನೆ ಸೇರಿದ್ದಳು. ದೊಡ್ಡಯ್ಯ ಸಿಟ್ಟಿನಲ್ಲಿ ಮದುವೆಗೂ ಹೋಗಿರಲಿಲ್ಲ. ಈಗ ಸಿಟ್ಟು ಆರಿ, ಆ ಜಾಗದಲ್ಲಿ ದಿಗಿಲು ಬಂದು ಕೂತಿತ್ತು. ಗೊತ್ತಿಲ್ಲದ ಭಾಷೆ, ಗೊತ್ತಿಲ್ಲದ ಜನ. ಫೋನಿನಲ್ಲಿ ಅಮ್ಮನಿಗೆ 'ಚೆನ್ನಾಗಿವ್ನಿ' ಎನ್ನುವವಳನ್ನು ನಂಬುವುದು ಹೇಗೆ?

"ಕಣ್ಣಾರೆ ನೋಡ್ಕಂಡು ಬಾ. ಮೊಗ ಬಾಡಿದ್ರೆ ಸುಮ್ಕೆ ಕರ್ಕಂಡ್ ಬಂದ್ಬುಡು," ಎಂದಿದ್ದಳು ಹೆಂಡತಿ ಚಿಕ್ಕಮಾದಮ್ಮ.

ಹೋಗಿ ನೋಡಿದರೆ ಮಗಳ ಬಾಯಿಂದ ಮಾತೇ ಹೊರಡದು. ನೀರು ಕೊಟ್ಟಳು, ಅನ್ನ ಬಡಿಸಿದಳು, ತಲೆ ಎತ್ತಲಿಲ್ಲ. ಊರಿನಲ್ಲಿ ಬೀದಿಗೆಲ್ಲ ಕೇಳುವಂತೆ ನಗುತ್ತಿದ್ದ ಹುಡುಗಿ! ಈ ಮನೆಯವರು ಅವಳ ಬಾಯಿ ಹೊಲಿದಿದ್ದಾರೆ ಎಂದುಕೊಂಡ ದೊಡ್ಡಯ್ಯ. ನಾಳೆ ಬೆಳಗಿನ ಬಸ್ಸಿಗೇ ಕರೆದೊಯ್ಯುವುದೆಂದು ತೀರ್ಮಾನಿಸಿಬಿಟ್ಟ.

ಸಂಜೆ ಅಳಿಯ, "ಬನ್ನಿ ಮಾವ, ಕಡಲಿಗೆ ಗಾಳ ಹಾಕೋಣ," ಎಂದು ಹೊರಡಿಸಿದ. ಮಗಳೂ ಹಿಂದೆ ಬಂದಳು. ದೊಡ್ಡಯ್ಯ ಬಂಡೆಯ ಮೇಲೆ ಕೂತು, ಬುತ್ತಿಯ ಮುದ್ದೆಯ ಚೂರು ಸಿಕ್ಕಿಸಿ, ಬೆಂಡು ಕಟ್ಟಿ ಎಸೆದ. ಬೆಂಡು ಮುಳುಗಿತು, ಸರಕ್ಕನೆ ಎಳೆದ. ಬರಿಗಾಳ. ಮತ್ತೆ ಎಸೆದ, ಮತ್ತೆ ಮುಳುಗಿತು, ಮತ್ತೆ ಎಳೆದ. ಕಡಲಿನಲ್ಲಿ ಪ್ರತಿ ಅಲೆಗೂ ಬೆಂಡು ಮುಳುಗುತ್ತದೆಂದು ಕೆರೆಯ ಮನುಷ್ಯನಿಗೆ ಹೊಳೆಯಬೇಕಲ್ಲ! ಸಾಲದ್ದಕ್ಕೆ, ಭೋರ್ಗರೆಯುವ ಸಮುದ್ರದ ಮುಂದೆ ಕೂತು, "ಶ್, ಯಾರೂ ಸದ್ದು ಮಾಡ್ಬ್ಯಾಡಿ, ಮೀನು ಓಡೋಯ್ತವೆ," ಎಂದು ಗದರಿದ ಬೇರೆ.

ಸ್ವರ್ಣಲತಾಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಗಂಡನೂ ಜೊತೆಗೆ ನಕ್ಕ. ಮರುಗಳಿಗೆಯೇ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಬೆದರಿ ನೋಡಿದಳು. ನೋಡಿದ್ದು ಗಂಡನನ್ನಲ್ಲ, ಅಪ್ಪನನ್ನು.

ದೊಡ್ಡಯ್ಯನಿಗೆ ಆಗ ಅರ್ಥವಾಯಿತು. ಮಗಳು ಬೆಳಗಿನಿಂದ ಹೆದರಿದ್ದು ತನಗೆ.

"ಬೆಂಡು ಬಿಚ್ಚಪ್ಪ," ಎಂದಳು ಮೆಲ್ಲಗೆ. ಅವನು ಬಿಚ್ಚಿದ ಮೇಲೆ ತಾನೇ ಗಾಳಕ್ಕೆ ಸಿಗಡಿ ಚುಚ್ಚಿ, ಸೀಸದ ಗುಂಡು ಕಟ್ಟಿ ಎಸೆದು, ದಾರವನ್ನು ಅವನ ತೋರುಬೆರಳಿನ ಮೇಲಿಟ್ಟಳು. "ಕಣ್ಣಲ್ಲಿ ನೋಡ್ಬ್ಯಾಡ. ಮೀನು ಕಚ್ಚುದ್ರೆ ಬೆರಳ್ಗೇ ಗೊತ್ತಾಯ್ತದೆ. ನಂಗೂ ಇವರೇ ಕಲ್ಸುದ್ದು."

ದೊಡ್ಡಯ್ಯ ಬೆರಳಿನ ಮೇಲೆ ದಾರ ಬಿಗಿ ಮಾಡಿಕೊಂಡ. ಮಗಳು ಪಕ್ಕದಲ್ಲೇ ಕೂತು ಕೇಳಿದಳು: "ಇನ್ನೂ ಕೋಪನಾ?"

"ಕೋಪ ಯಾವತ್ತೋ ಓಯ್ತು ಕಣಮ್ಮಿ. ನೀನು ಸುಖವಾಗಿಲ್ವೇನೋ ಅಂತ ದಿಗಿಲು ಬಿದ್ದು ಬಂದಿವ್ನಿ."

"ಅಯ್ಯೋ ಅಪ್ಪ! ನೀನು ಇವರನ್ನ ಬೈದ್ಬುಟ್ಟು ಒಂಟೋಯ್ತೀಯ ಅಂತ ನಾನು ಬೆಳಿಗ್ಗೆಯಿಂದ ಸರಿಯಾಗಿ ಉಸ್ರೇ ಬುಟ್ಟಿಲ್ಲ!"

ದೊಡ್ಡಯ್ಯನ ಎದೆ ಹಗುರವಾಯಿತು. ಎಷ್ಟು ಹಗುರವಾಯಿತೆಂದರೆ, ದಾರ ಬೆರಳನ್ನು ಜಗ್ಗಿದ್ದೂ ಅವನಿಗೆ ತಿಳಿಯಲಿಲ್ಲ.

"ಎಳಿಯಪ್ಪ, ಎಳಿ! ಯಾತಕ್ ಕೂತಿದ್ದೀಯ!" ಎಂದು ಮಗಳು ಅವನ ಭುಜ ಹಿಡಿದು ಗದರಿದಳು.